ನಾಲ್ಕು ಬೆರಳು ಎಡಕ್ಕೆ

ನನ್ನ ಗಂಡನ ಕಣ್ಣಿಗೂ ಏನೂ ಆಗಿರಲಿಲ್ಲ, ಕೈಗೂ ಏನೂ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವರನ್ನು ನೋಡಲು ಬಂದವರೆಲ್ಲ ಇದೇ ಮಾತು ಹೇಳಿ ನನ್ನ ತಲೆ ತಿಂದಿದ್ದಾರೆ. "ನಡೀತಾರೆ, ಮಾತಾಡ್ತಾರೆ, ಪೇಪರ್ ಓದ್ತಾರೆ. ಸ್ಟ್ರೋಕ್ ಆಗಿದೆ ಅಂದ್ರೆ ಯಾರು ನಂಬ್ತಾರೆ ಹೇಳಿ" ಎಂದು ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಅವರ ಮುಂದೆ ಇವರು ತಮ್ಮ ಲೋಟವನ್ನು ಮುಟ್ಟುತ್ತಲೇ ಇರಲಿಲ್ಲ. ಆರಿದ ಚಹಾವನ್ನು ಆಮೇಲೆ ನಾನು ಚೆಲ್ಲುತ್ತಿದ್ದೆ.

ನಮ್ಮದು ಟೈಲರ್ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ನಡುವೆ ಒಂದು ಪರದೆ. ಇವರು ಬಟ್ಟೆ ಕತ್ತರಿಸುವವರು, ಊರಿಗೆಲ್ಲ ಮಾಸ್ಟರ್. ಮಷೀನಿನ ಮೇಲೆ ಕೂರುವವಳು ನನ್ನ ನಾದಿನಿ, ಅಂದರೆ ಇವರ ತಂಗಿ. ಕಾಜಾ ತೆಗೆಯುವುದು, ಗುಂಡಿ ಹಾಕುವುದು, ಅಂಚು ಮಡಿಸುವುದು ನನ್ನ ಪಾಲು. ಇವರು ಕತ್ತರಿಸದಿದ್ದರೆ ನಮ್ಮಿಬ್ಬರಿಗೂ ಕೆಲಸವಿಲ್ಲ. ಆದರೆ ನಾನು ಹೇಳಹೊರಟಿರುವುದು ಅದನ್ನಲ್ಲ. ಕತ್ತರಿಸದಿದ್ದರೆ ಇವರೇ ಇವರಲ್ಲ, ಅದು ವಿಷಯ. ಮದುವೆಯಾದ ಹೊಸದರಲ್ಲಿ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಟೇಪು ಮುಟ್ಟದೆ ಕುಪ್ಪಸ ಕತ್ತರಿಸಿದವರು. ಅದು ನನಗೆ ಎಷ್ಟು ಸರಿಯಾಗಿ ಕೂತಿತೆಂದರೆ ನಾಚಿಕೆಯಿಂದ ಎರಡು ದಿನ ಅವರ ಮುಖ ನೋಡಿರಲಿಲ್ಲ.

ಅವತ್ತು ಬೆಳಿಗ್ಗೆ ಕಟಿಂಗ್ ಟೇಬಲ್ ಮೇಲೆ ಕಾಲೇಜು ಮೇಷ್ಟ್ರ ಕೋಟಿನ ಬಟ್ಟೆ ಹಾಸಿತ್ತು. ಕಡುನೀಲಿ ಉಣ್ಣೆಯ ಬಟ್ಟೆ. ಮೇಷ್ಟ್ರಿಗೆ ಇನ್ನು ಮೂರು ತಿಂಗಳಿಗೆ ನಿವೃತ್ತಿ, ಬೀಳ್ಕೊಡುಗೆಯ ದಿನ ಹೊಸ ಕೋಟು ಹಾಕಿಕೊಂಡು ಮಾತಾಡಬೇಕೆಂದು ಆಸೆ. ಇವರು ಸೀಮೆಸುಣ್ಣದ ಗೆರೆ ಎಳೆದು ಮುಗಿಸಿ ಕತ್ತರಿಗೆ ಕೈ ಚಾಚಿದರು. ಕೈ ಕತ್ತರಿಯ ಎಡಕ್ಕೆ ಹೋಗಿ ಬರೀ ಬಟ್ಟೆಯನ್ನು ಹಿಡಿಯಿತು. ಮತ್ತೆ ಚಾಚಿದರು. ಮತ್ತೆ ಅಲ್ಲಿಗೇ.

"ಯಾರೋ ಕತ್ತರಿ ಜರುಗಿಸ್ತಾ ಇದ್ದಾರೆ ಕಣೇ" ಎಂದು ನಕ್ಕರು.

"ಕನ್ನಡಕ ಹಾಕ್ಕೊಳ್ಳಿ" ಎಂದೆ ನಾನು, ಕಾಜಾದಿಂದ ತಲೆಯೆತ್ತದೆ. ತಲೆಯೆತ್ತಿದ್ದು ನಾದಿನಿ. ಅವಳು ಕಿರುಚಿದಾಗಲೇ ನಾನು ನೋಡಿದ್ದು. ನಾಲ್ಕನೆಯ ಸಲವೋ ಐದನೆಯ ಸಲವೋ ಆ ಕೈ ಬಟ್ಟೆಯ ಮೇಲೆ ಕುರುಡನ ಹಾಗೆ ತಡಕಾಡುತ್ತಿತ್ತು, ಕಣ್ಣು ಮಾತ್ರ ಕತ್ತರಿಯ ಮೇಲೇ ನೆಟ್ಟಿತ್ತು.

ಆಸ್ಪತ್ರೆಯಲ್ಲಿ ಹತ್ತು ದಿನ. ಜೀವಕ್ಕೆ ಅಪಾಯವಿಲ್ಲ ಎಂದರು. ನಡಿಗೆ ಸರಿಯಾಗಿದೆ, ನಾಲಿಗೆ ಸರಿಯಾಗಿದೆ, ಮನೆಗೆ ಕರೆದುಕೊಂಡು ಹೋಗಿ, ವ್ಯಾಯಾಮ ಮಾಡಿಸಲು ಒಬ್ಬರನ್ನು ಕಳಿಸುತ್ತೇವೆ ಎಂದರು. ಹಾಗೆ ಬಂದವಳು ಒಬ್ಬ ಹುಡುಗಿ. ಮೊದಲ ದಿನವೇ ಮೇಜಿನ ತುಂಬ ಲೋಟಗಳನ್ನು ಜೋಡಿಸಿ ಕೂತದ್ದರಿಂದ ನಾದಿನಿ ಅವಳಿಗೆ ಲೋಟದ ಟೀಚರ್ ಎಂದು ಹೆಸರಿಟ್ಟಳು.

ಲೋಟದ ಟೀಚರ್ ಇವರಿಗೆ, "ಮಾಸ್ಟರ್, ಕಣ್ಣು ಮುಚ್ಚಿ ಮೂಗು ಮುಟ್ಟಿ" ಎಂದಳು. ಮುಟ್ಟಿದರು. "ಕಣ್ಣು ಮುಚ್ಚಿಕೊಂಡೇ ಶರ್ಟಿನ ಗುಂಡಿ ಬಿಚ್ಚಿ ಹಾಕಿ" ಎಂದಳು. ಏಳು ಗುಂಡಿಯನ್ನೂ ಚಕಚಕ ಬಿಚ್ಚಿ ಚಕಚಕ ಹಾಕಿದರು. ನನಗೆ ಹೆಮ್ಮೆಯಾಯಿತು, ಮೊದಲ ರ‍್ಯಾಂಕು ಬಂದ ಹಾಗೆ.

"ಈಗ ಕಣ್ಣು ಬಿಡಿ. ನನ್ನ ಪೆನ್ನು ನಿಮ್ಮಿಂದ ಎಷ್ಟು ದೂರದಲ್ಲಿದೆ?"

"ಹದಿನೆಂಟೂವರೆ ಇಂಚು" ಎಂದರು ಇವರು. ನಾದಿನಿ ಟೇಪು ಹಿಡಿದು ನೋಡಿದಳು. ಹದಿನೆಂಟೂವರೆ.

"ಹಾಗಾದ್ರೆ ಹಿಡ್ಕೊಳ್ಳಿ."

ಕೈ ಹೋಯಿತು. ಪೆನ್ನಿನ ಎಡಕ್ಕೆ, ನಾಲ್ಕು ಬೆರಳು ಅಂತರದಲ್ಲಿ, ಗಾಳಿಯನ್ನು ಹಿಡಿಯಿತು. ಇವರು ಆ ಕೈಯನ್ನು ನೋಡಿದ ರೀತಿ ನನಗೆ ಇವತ್ತಿಗೂ ಮರೆತಿಲ್ಲ. ಪಕ್ಕದ ಮನೆಯವರ ಕೈ ತಮ್ಮ ತೋಳಿಗೆ ಬಂದು ಅಂಟಿಕೊಂಡಿದೆ ಎನ್ನುವಂತೆ ನೋಡಿದರು.

ಆ ಹುಡುಗಿ ನನ್ನನ್ನು ಪರದೆಯ ಆಚೆ ಕರೆದುಕೊಂಡು ಹೋಗಿ ಬಿಡಿಸಿ ಹೇಳಿದಳು. "ನೋಡಿ ಅಮ್ಮ, ಕಣ್ಣು ತನ್ನ ಕೆಲಸ ಸರಿಯಾಗೇ ಮಾಡ್ತಿದೆ. ಕೈನೂ ಅಷ್ಟೇ. ಆದ್ರೆ ಕಣ್ಣು ಕಂಡಿದ್ದನ್ನ ಕೈಗೆ ತಿಳಿಸೋ ಜಾಗ ಒಂದು ಮಿದುಳಲ್ಲಿದೆ, ತಲೆಯ ಹಿಂದೆ, ಸ್ವಲ್ಪ ಮೇಲೆ. ಪೆಟ್ಟು ಬಿದ್ದಿರೋದು ಅಲ್ಲಿಗೆ. ಎಲ್ಲರಿಗೂ ಹೀಗೇ ಅಂತಲ್ಲ, ಮಾಸ್ಟರಿಗೆ ಹೀಗೆ."

"ಸರಿ ಹೋಗುತ್ತಾ?"

"ಸತ್ತ ಜಾಗ ಮತ್ತೆ ಹುಟ್ಟಲ್ಲ. ಅಕ್ಕಪಕ್ಕದ ಜಾಗ ಆ ಕೆಲಸ ಕಲೀಬಹುದು. ಕಲಿಯೋದು ಹೇಗೆ ಗೊತ್ತಾ? ತಪ್ಪಿ ತಪ್ಪಿ. ಲೋಟಕ್ಕೆ ಕೈ ಹಾಕ್ತಾರೆ, ತಪ್ಪುತ್ತೆ, ಎಷ್ಟು ತಪ್ಪಿತು ಅಂತ ಕಣ್ಣಾರೆ ನೋಡ್ತಾರೆ. ಆಗಲೇ ಮಿದುಳಿಗೆ ಗೊತ್ತಾಗೋದು. ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೂ ನಲವತ್ತು ಸಾರಿ. ಮೊದಲ ಎರಡು ಮೂರು ತಿಂಗಳು ತುಂಬ ಮುಖ್ಯ ಅಮ್ಮ, ಹೆಚ್ಚು ಕಲಿಯೋ ಕಾಲ ಅದು. ಬೀಳಲಿ, ಚೆಲ್ಲಲಿ, ನೀವು ಮಧ್ಯೆ ಕೈ ಹಾಕ್ಬೇಡಿ."

ನಾನು ತಲೆಯಾಡಿಸಿದೆ. ಅವಳು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾಗಿರಲಿಲ್ಲ ಎಂದು ಸುಳ್ಳು ಹೇಳಿ ಜಾರಿಕೊಳ್ಳುವವಳಲ್ಲ ನಾನು.

ಮೊದಲ ದಿನ ನಲವತ್ತರಲ್ಲಿ ಮೂವತ್ತೊಂಬತ್ತು ತಪ್ಪಿತು. ಆ ಒಂದು ಕೂಡ ಮೊಣಕೈ ತಗಲಿ ಲೋಟವೇ ಉರುಳಿ ಕೈಗೆ ಬಂದದ್ದು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಇಪ್ಪತ್ತರವರೆಗೆ ಮಾಡಿದವರು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು ಮೇಜಿಗೆ ಬಡಿದರು. ಒಂದು ಸಲವಲ್ಲ, ನಾಲ್ಕೈದು ಸಲ. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ಅತ್ತರು. ಮೂವತ್ತು ವರ್ಷದ ಸಂಸಾರದಲ್ಲಿ ಇವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಇಲ್ಲಿ ನಮ್ಮ ಕಸುಬಿನ ಒಂದು ವಿಷಯ ಹೇಳಬೇಕು. ಕಾಲೇಜು ಮೇಷ್ಟ್ರ ಬಲಭುಜ ಎಡಕ್ಕಿಂತ ಎರಡು ಬೆರಳು ಇಳಿದಿದೆ. ಇಪ್ಪತ್ತು ವರ್ಷದಿಂದ ನಮ್ಮಲ್ಲೇ ಹೊಲಿಸುತ್ತಾರೆ, ಅವರಿಗೇ ಅದು ಗೊತ್ತಿಲ್ಲ. ಇವರು ಬಟ್ಟೆಯ ಬಲಭುಜದ ಒಳಗೆ ಹತ್ತಿ ತುಂಬಿ, ಆ ಕಡೆಯ ಕತ್ತರಿಕೆಯನ್ನೇ ಸ್ವಲ್ಪ ಮೇಲಕ್ಕೆತ್ತಿ, ಕನ್ನಡಿಯಲ್ಲಿ ಎರಡೂ ಸಮ ಕಾಣುವ ಹಾಗೆ ಮಾಡಿಕೊಡುತ್ತಾರೆ. ಹೊಟ್ಟೆ ಬಂದವರು, ಗೂನು ಬೆನ್ನಿನವರು, ಒಂದು ಕಾಲು ಗಿಡ್ಡ ಇರುವವರು, ಎಲ್ಲರಿಗೂ ಹೀಗೆಯೇ. ನಾನು ಅಂಗಡಿಗೆ ಕೂತ ಮೊದಲ ದಿನ ಇವರು ಹೇಳಿದ್ದು ಇಷ್ಟೇ: "ಯಾರ ಮೈಯಲ್ಲಿ ಏನು ಕಂಡ್ರೂ ಬಟ್ಟೆಯಲ್ಲಿ ಸರಿಮಾಡು, ಬಾಯಿ ಬಿಟ್ಟು ಹೇಳಬೇಡ." ನಾನು ಆ ಮಾತು ಮೀರಿದವಳಲ್ಲ.

ನಾಲ್ಕನೆಯ ದಿನ, "ಲೋಟ ಬೀಳದ ಹಾಗೆ ನಾನು ಹಿಡ್ಕೊಂಡಿರ್ತೀನಿ ರೀ" ಎಂದೆ. ಅಷ್ಟೇ ನಾನು ಮಾಡಿದ್ದು. ಇವರ ಕೈ ಹೊರಡುತ್ತಿತ್ತು, ಕೊನೆಯ ಗಳಿಗೆಯಲ್ಲಿ ನನ್ನ ಕೈ ಲೋಟದ ಸಮೇತ ಜರುಗಿ ಇವರ ಅಂಗೈಗೆ ಸೇರುತ್ತಿತ್ತು. ಬಟ್ಟೆಯಲ್ಲಿ ಹುಟ್ಟಿ ಬೆಳೆದವಳ ಕೈ ಇದು, ಜರುಗಿದ್ದು ಕಾಣುವುದಿಲ್ಲ. ಮೊದಲು ಹತ್ತಕ್ಕೊಂದು ಮಾಡಿದೆ. ಆ ಒಂದು ಸಿಕ್ಕಾಗ ಇವರ ಮುಖ ಅರಳಿದ್ದು ನೋಡಿ ಐದಕ್ಕೊಂದು ಮಾಡಿದೆ. ತಿಂಗಳು ಕಳೆಯುವ ಹೊತ್ತಿಗೆ ನಲವತ್ತರಲ್ಲಿ ಮೂವತ್ತೈದು ಸಿಗುತ್ತಿತ್ತು. ಬೇಕೆಂದೇ ಐದು ಬಿಡುತ್ತಿದ್ದೆ, ನಂಬಿಕೆ ಬರಲಿ ಎಂದು. ನನ್ನ ಜಾಣತನಕ್ಕಿಷ್ಟು!

ಬೇರೆ ಹೊತ್ತಿನಲ್ಲಿ ಬೇಕಾದದ್ದನ್ನೆಲ್ಲ ನಾನೇ ಇವರ ಕೈಗಿಡುತ್ತಿದ್ದೆ. ಆ ಹುಡುಗಿ ದಿನದ ಲೆಕ್ಕ ಬರೆಯಲು ಕೊಟ್ಟಿದ್ದ ನೋಟ್‌ಬುಕ್ಕಿನ ತುಂಬ ಸರಿ ಗುರುತು. ಲೋಟದ ಟೀಚರ್ ವಾರಕ್ಕೊಮ್ಮೆ ಬಂದು ತಾನೇ ಪರೀಕ್ಷೆ ಮಾಡಿದಾಗ ಮಾತ್ರ ಮತ್ತೆ ಅದೇ ನಾಲ್ಕು ಬೆರಳು. "ಮನೇಲಿ ಇಷ್ಟು ಚೆನ್ನಾಗಿ ಮಾಡ್ತಾರೆ, ನಾನು ಬಂದಾಗ ಯಾಕೆ ಹೀಗೆ?" ಎಂದು ಹಣೆ ಗಂಟಿಕ್ಕುತ್ತಿದ್ದಳು. "ನಿಮ್ಮ ಮುಂದೆ ಸಂಕೋಚ ಅವರಿಗೆ" ಎಂದೆ. ಇವರೂ ಅದನ್ನೇ ನಂಬಿದರು. ಪರೀಕ್ಷೆಗೆ ಹೆದರುವ ಹುಡುಗನ ಹಾಗಾಗಿಬಿಟ್ಟೆ ನೋಡು ಎಂದು ತಮ್ಮನ್ನು ತಾವೇ ಹಾಸ್ಯ ಮಾಡಿಕೊಂಡರು.

ಎರಡನೆಯ ತಿಂಗಳಲ್ಲಿ ಇವರು ಕತ್ತರಿ ಕೇಳಿದರು. ಹಳೆಯ ಪೇಪರಿನ ಮೇಲೆ ಗೆರೆ ಎಳೆದುಕೊಟ್ಟೆ. ಕತ್ತರಿಸುವಾಗ ಎದುರಿಗೆ ಒಬ್ಬರು ಬಟ್ಟೆ ಹಿಡಿದು ನಿಲ್ಲುವುದು ನಮ್ಮಲ್ಲಿ ಮೊದಲಿಂದಲೂ ಇದೆ, ಹಾಗೆ ನಿಂತೆ. ಕತ್ತರಿ ಎಡಕ್ಕೆ ಎಳೆದಾಗ ಪೇಪರನ್ನು ನಾನೂ ಎಡಕ್ಕೆ ಎಳೆದೆ. ಕಂಕುಳ ತಿರುವು, ಕಾಲರಿನ ಬಳುಕು, ಎಲ್ಲವೂ ಗೆರೆಯ ಮೇಲೇ ಬಂತು. ನಾದಿನಿ ಮಷೀನು ನಿಲ್ಲಿಸಿ ನೋಡುತ್ತಿದ್ದಳು. ಮಧ್ಯಾಹ್ನ ಪಾತ್ರೆ ತೊಳೆಯುವ ಹತ್ತಿರ ನನ್ನನ್ನು ಹಿಡಿದುಕೊಂಡಳು.

"ಅತ್ತಿಗೆ, ಕತ್ತರಿ ಗೆರೆ ಹತ್ರ ಹೋಗ್ಬೇಕು. ಗೆರೆ ಕತ್ತರಿ ಹತ್ರ ಬರಬಾರದು."

"ನಿನ್ನ ಮಷೀನು ನೀನು ನೋಡ್ಕೋ."

"ಅಣ್ಣ ಕಲೀಬೇಕಲ್ಲ!"

"ನಿನ್ನ ಅಣ್ಣ ಕೈ ಚಚ್ಚಿಕೊಂಡಾಗ ಎಲ್ಲಿದ್ದೆ ನೀನು? ಮೂರು ದಿನ ಎದುರಿಗೆ ಕೂತು ನೋಡು, ಆಮೇಲೆ ಬಂದು ನನಗೆ ಪಾಠ ಹೇಳು."

ಅವಳು ಮಷೀನಿಗೆ ವಾಪಸು ಹೋದಳು. ನನ್ನ ಬಾಯಿಗೆ ಹೆದರದವರು ನಮ್ಮ ಓಣಿಯಲ್ಲೇ ಇಲ್ಲ. ಆ ದಿನ ಅವಳಾದರೂ ಹೆದರದೆ ಇದ್ದಿದ್ದರೆ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹನ್ನೊಂದನೆಯ ವಾರ. ಮೇಷ್ಟ್ರ ಬೀಳ್ಕೊಡುಗೆಗೆ ಹದಿನೈದು ದಿನ ಇತ್ತು. ಬೆಳಿಗ್ಗೆ ತಿಂಡಿ ಮುಗಿಸಿ ಇವರು ಬೀರುವಿನಿಂದ ಕಡುನೀಲಿ ಬಟ್ಟೆಯನ್ನು ತೆಗೆಸಿದರು. ಸೀಮೆಸುಣ್ಣದ ಗೆರೆ ಮಾಸಿತ್ತು. ನಾದಿನಿಯ ಕೈಯಲ್ಲಿ, ತಾವು ಬಾಯಿಂದ ಹೇಳುತ್ತ, ಅದರ ಮೇಲೇ ತಿದ್ದಿಸಿದರು. ಎರಡು ಪದರ ಬಟ್ಟೆಗೆ ಗುಂಡುಪಿನ್ನು ಚುಚ್ಚಿಸಿ, ನಾಲ್ಕು ಮೂಲೆಗೆ ಹಳೆಯ ಇಸ್ತ್ರಿಪೆಟ್ಟಿಗೆ, ಕಬ್ಬಿಣದ ತುಂಡು ಇಡಿಸಿದರು. ಅಭ್ಯಾಸದಂತೆ ನಾನು ಎದುರಿಗೆ ಹೋಗಿ ಅಂಚು ಹಿಡಿದೆ.

"ಬಿಡು" ಎಂದರು. "ಕೋಟಿನ ಬಟ್ಟೆ ಕತ್ತರಿಸೋವಾಗ ಯಾರೂ ಮುಟ್ಟೋ ಹಾಗಿಲ್ಲ, ಗೊತ್ತಿಲ್ವಾ ನಿನಗೆ? ಕೂದಲೆಳೆ ಜರುಗಿದ್ರೂ ಭುಜ ಕೆಡುತ್ತೆ."

ಗೊತ್ತಿತ್ತು. ಮೂವತ್ತು ವರ್ಷದಿಂದ ಗೊತ್ತಿತ್ತು. "ಇವತ್ತು ಬೇಡ ರೀ" ಎಂದೆ.

"ಯಾಕೆ?"

ಯಾಕೆ ಎಂದು ಹೇಳಬೇಕಿತ್ತು. ಊರಿನವರಿಗೆಲ್ಲ ಒಂದಕ್ಕೆರಡು ಮಾತು ಕೊಡುವ ಬಾಯಿ ಅಲ್ಲಿ ಒಂದು ಮಾತಿಗೂ ಬರಲಿಲ್ಲ. ಇವರ ಮುಖದಲ್ಲಿ ಎರಡು ತಿಂಗಳಿಂದ ಇಲ್ಲದ ಒಂದು ಗೆಲುವು ಇತ್ತು. ಕ್ಷೌರ ಮಾಡಿಸಿಕೊಂಡಿದ್ದರು, ಟೇಪನ್ನು ಕುತ್ತಿಗೆಗೆ ಹಾಕಿಕೊಂಡಿದ್ದರು. ನಾದಿನಿ ನನ್ನನ್ನೇ ನೋಡುತ್ತಿದ್ದಳು. ನಾನು ಕೈಬಿಟ್ಟು ಎರಡು ಹೆಜ್ಜೆ ಹಿಂದೆ ನಿಂತೆ.

ಕತ್ತರಿಯನ್ನು ಇವರು ಮೊದಲೇ ಕೈಗೆ ಕೊಡಿಸಿಕೊಂಡಿದ್ದರು. ಅಂಚಿಗೆ ಇಟ್ಟರು. ದಪ್ಪ ಬಟ್ಟೆ ಕತ್ತರಿಸುವ ಸದ್ದು ನಮ್ಮ ಮನೆಯಲ್ಲಿ ಮತ್ತೆ ಕೇಳಿತು. ಎಂಥ ಸದ್ದು ಅದು, ಹನ್ನೊಂದು ವಾರ ಅದಕ್ಕಾಗಿ ಕಾದಿದ್ದೆ. ಗೆರೆ ಒಂದು ಕಡೆ ಇತ್ತು, ಕತ್ತರಿ ಇನ್ನೊಂದು ಕಡೆ ಹೋಗುತ್ತಿತ್ತು. ನಾಲ್ಕು ಬೆರಳು ಎಡಕ್ಕೆ, ಎದೆಯ ಭಾಗದ ನಟ್ಟನಡುವೆ. ನನ್ನ ಎರಡೂ ಕೈ ಗಾಳಿಯಲ್ಲಿ ಇಲ್ಲದ ಬಟ್ಟೆಯನ್ನು ಎಳೆಯುತ್ತಿದ್ದವು. ಒಂದು ಗೇಣು ಕತ್ತರಿಸಿದ ಮೇಲೆ ಇವರು ನಿಲ್ಲಿಸಿದರು. ಕಣ್ಣು ಸರಿಯಾಗಿತ್ತಲ್ಲ, ಎಲ್ಲ ಕಂಡಿತು.

"ಬಟ್ಟೆ ಯಾರು ಎಳೆದಿದ್ದು?" ಎಂದು ಕೇಳಿದರು.

ನಾಲ್ಕು ಮೂಲೆಯಲ್ಲಿಟ್ಟ ಭಾರಗಳನ್ನು ಒಂದೊಂದಾಗಿ ನೋಡಿದರು.

"ಬಟ್ಟೆ ಯಾರು ಎಳೆದಿದ್ದು ಅಂತ ಕೇಳ್ತಿದ್ದೀನಿ!"

"ಯಾರೂ ಎಳೀಲಿಲ್ಲ ರೀ" ಎಂದೆ. "ಇವತ್ತು ಯಾರೂ ಎಳೀಲಿಲ್ಲ."

ಇವರು ನನ್ನನ್ನು ನೋಡಿದರು. ನನ್ನ ಕೈಗಳನ್ನು ನೋಡಿದರು. ಅವು ಇನ್ನೂ ಹಾಗೇ ಗಾಳಿಯಲ್ಲಿದ್ದವು. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ; ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ. ಬೈಯಲಿಲ್ಲ. ಕತ್ತರಿಯನ್ನು ಮೇಜಿನ ಮೇಲಿಡಲು ಹೋದರು, ಅದು ಮೇಜು ತಪ್ಪಿ ನೆಲಕ್ಕೆ ಬಿತ್ತು. ಇವರು ಪರದೆ ಸರಿಸಿ ಒಳಗೆ ಹೋದರು.

ಲೋಟದ ಟೀಚರಿಗೆ ನಾನೇ ಎಲ್ಲವನ್ನೂ ಹೇಳಿದೆ. ಅವಳು ಗದರಿಸಲಿಲ್ಲ. ನೋಟ್‌ಬುಕ್ಕನ್ನು ಮೊದಲ ಪುಟದಿಂದ ಕೊನೆಯವರೆಗೆ ತಿರುವಿದಳು. "ತಪ್ಪು ಕಣ್ಣಿಗೆ ಬೀಳಲೇ ಇಲ್ಲವಲ್ಲ ಅಮ್ಮ" ಎಂದಳು. "ಕೈ ಹೋದಲ್ಲೆಲ್ಲ ಲೋಟ ಇತ್ತು. ಹಾಗಿದ್ದಾಗ ಮಿದುಳು ಏನಂತ ತಿದ್ದಿಕೊಳ್ಳಬೇಕು?"

"ಇನ್ನು ಆಗಲ್ವಾ?"

"ಆಗಲ್ಲ ಅಂತ ಹೇಳಲ್ಲ. ಆಗುತ್ತೆ ಅಂತಾನೂ ಹೇಳೋಕಾಗಲ್ಲ. ಇವತ್ತಿಂದ ಶುರು ಮಾಡೋಣ. ಆ ಹನ್ನೊಂದು ವಾರ ಮಾತ್ರ ವಾಪಸ್ ತರೋಕೆ ನನ್ನ ಕೈಲಿ ಆಗಲ್ಲ."

ಮೇಷ್ಟ್ರಿಗೆ ನಾದಿನಿ ಹೋಗಿ ವಿಷಯ ಹೇಳಿ ಬಂದಳು. ಒಳ್ಳೆಯ ಮನುಷ್ಯ, ಬಟ್ಟೆ ಹೋದರೆ ಹೋಯಿತು ಎಂದರಂತೆ. ಬೀಳ್ಕೊಡುಗೆ ಮುಗಿದ ಮೇಲೆ ಮಾಸ್ಟರನ್ನು ಮಾತಾಡಿಸಲು ಅಂಗಡಿಯಿಂದ ಕೊಂಡ ರೆಡಿಮೇಡ್ ಕೋಟಿನಲ್ಲೇ ಬಂದರು. ಹೋಗುವಾಗ ನಮ್ಮ ನಿಲುವುಗನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತರು. "ನನ್ನ ಭುಜ ಯಾವಾಗ ಇಷ್ಟು ಇಳೀತು ಮಾಸ್ಟರ್?" ಎಂದು ಕೇಳಿದರು. ಇವರು, "ರೆಡಿಮೇಡ್ ಕೋಟೇ ಹಾಗೆ, ಬಿಡಿ ಸಾರ್" ಎಂದರು.

ಈಗ ದಿನಕ್ಕೆರಡು ಸಲ ಮತ್ತೆ ಅದೇ ವ್ಯಾಯಾಮ. ಕಟಿಂಗ್ ಟೇಬಲ್ ಮೇಲೆ ಸೀಮೆಸುಣ್ಣದಿಂದ ಒಂದು ವೃತ್ತ ಬರೆದಿದ್ದೇವೆ, ಅದರೊಳಗೆ ಸ್ಟೀಲ್ ಲೋಟ. ಹೊಸದಾಗಿ ಶುರು ಮಾಡಿದ ದಿನ ಲೋಟದ ಟೀಚರ್ ನನ್ನನ್ನು ಎದುರಿಗೇ ಕೂರಿಸಿದಳು. ಮನೆಯಲ್ಲಿ ದಿನವೂ ಕೂರಬೇಕಾದವರು ನೀವೇ, ಕೈ ಹಾಕದೆ ಕೂರುವುದನ್ನು ನೀವು ಕಲಿಯಬೇಕು ಎಂದಳು. ಅದೇನು ದೊಡ್ಡ ವಿದ್ಯೆ ಎಂದುಕೊಂಡು ಕೂತೆ.

ಇವರ ಕೈ ಹೊರಟಿತು. ನನ್ನ ಕೈಯೂ ಹೊರಟಿತು.

ನಾನು ಕಳಿಸಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ನಾನು ಕಳಿಸಲಿಲ್ಲ. ಮಡಿಲಲ್ಲಿದ್ದ ಕೈ ಮೇಜಿನ ಮೇಲೆ ಹೋಗಿ ಲೋಟ ಹಿಡಿದು ಜರುಗಿಸಿದ ಮೇಲೆ ನನಗೆ ಗೊತ್ತಾಗಿದ್ದು. "ಅಮ್ಮ!" ಎಂದಳು ಆ ಹುಡುಗಿ. ಎರಡನೆಯ ಸಲವೂ ಹೋಯಿತು. ಮೂರನೆಯ ಸಲವೂ. ನಾದಿನಿ ಎದ್ದು ಬಂದು, ವೃತ್ತದಿಂದ ನನ್ನ ಕೈ ನಿಂತಲ್ಲಿಯವರೆಗೆ ತನ್ನ ಬೆರಳಿಟ್ಟು ಅಳೆದಳು. ನಾಲ್ಕು ಬೆರಳು. ಹೆಚ್ಚಿಲ್ಲ, ಕಡಿಮೆಯಿಲ್ಲ.

"ಮನೇಲಿ ಒಬ್ಬರಾದ್ರೂ ಕಲ್ತಿದ್ದಾರೆ" ಎಂದಳು. ಚುಚ್ಚಬೇಕೆಂದೇ ಅಂದದ್ದು. ಆದರೆ ಅಂದವಳೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅವಳು ಅಂದದ್ದು ನಿಜ. ಎಂಟು ವಾರ, ದಿನಕ್ಕೆ ಎಂಬತ್ತು ಸಲ. ಕಂಡದ್ದನ್ನು ಕೈಗೆ ತಿಳಿಸುವ ಆ ಜಾಗ ನನ್ನ ತಲೆಯಲ್ಲಿ ಗಟ್ಟಿಮುಟ್ಟಾಗಿತ್ತು. ಇವರ ತಲೆ ಕಲಿಯಬೇಕಾದ ಪಾಠವನ್ನು ಅದು ಕೂತು ಬಾಯಿಪಾಠ ಮಾಡಿಕೊಂಡುಬಿಟ್ಟಿತ್ತು. ನಾನು ಕದ್ದೆ. ಪ್ರೀತಿಯಿಂದ ಕದ್ದೆ ಎಂದರೆ ಕದ್ದದ್ದು ಕಡಿಮೆಯಾಗುವುದಿಲ್ಲ, ಹಿಂದಕ್ಕೆ ಕೊಡಲೂ ಬರುವುದಿಲ್ಲ.

ಇವರು ಅವತ್ತಿನಿಂದ ನನ್ನ ಮೇಲೆ ಒಂದು ದಿನವೂ ಸಿಟ್ಟು ಮಾಡಿಲ್ಲ. ವ್ಯಾಯಾಮಕ್ಕೆ ಕೂರುವಾಗ, "ಕೈ ಕೆಳಗೆ ಇಟ್ಕೊಂಡ್ಯಾ?" ಎಂದಷ್ಟೇ ಕೇಳುತ್ತಾರೆ. ಇಟ್ಟುಕೊಂಡೆ ಎನ್ನುತ್ತೇನೆ. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂರುತ್ತೇನೆ. ಇವರ ಕೈ ಹೊರಟ ಕೂಡಲೇ ನನ್ನ ಕೈ ಅಲ್ಲಿ ಮಿಸುಕುತ್ತದೆ.

ಇವತ್ತು ಬೆಳಿಗ್ಗೆ ಹದಿನೇಳನೆಯ ಸಲ ಮೊಣಕೈ ತಗಲಿ ಲೋಟ ಉರುಳಿ, ಮಷೀನಿನ ಕೆಳಗೆ ಹೋಗಿ ನಿಂತಿತು. ನಾದಿನಿ ಕಾಲಿನಿಂದ ಅದನ್ನು ನನ್ನ ಕಡೆ ತಳ್ಳಿದಳು. ಇವರು ಖಾಲಿ ಅಂಗೈಯನ್ನು ನೋಡಿದರು, ವೃತ್ತವನ್ನು ನೋಡಿದರು, ಎರಡರ ನಡುವಿನ ಅಂತರವನ್ನು ಬಹಳ ಹೊತ್ತು ನೋಡಿದರು.

"ನಾಲ್ಕೇನಾ?" ಎಂದು ಕೇಳಿದರು.

ಮೂರೂವರೆ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು.

"ನಾಲ್ಕೇ ರೀ" ಎಂದೆ.

"ಸರಿ, ಮತ್ತೆ ಇಡು" ಎಂದರು. ಲೋಟವನ್ನು ವೃತ್ತದೊಳಗೆ ಇಟ್ಟು, ನನ್ನ ಕೈಗಳ ಮೇಲೆ ಕೂತೆ.